ಓನರಮ್ಮನೂ ದುಬೈಯ ಗಂಡನೂ

ಅವರನ್ನು ಮೊದಲ ಸಲ ನಾನು ನೋಡಿದ್ದು ಮೂರು ಬೆರಳಿನಷ್ಟು ಅಗಲ ಮಾತ್ರ. ಬಾಗಿಲಿಗೆ ಒಳಗಿನಿಂದ ಚೈನು ಹಾಕಿತ್ತು. ಆ ಸಂದಿನಲ್ಲಿ ಒಂದು ಕಣ್ಣು, ಅರ್ಧ ಮೂಗು, ಅದರಲ್ಲಿ ಬಿಳಿ ಹರಳಿನ ಮೂಗುಬೊಟ್ಟು, ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ನರೆಗೂದಲು. ಆ ಕಣ್ಣು ಮೊದಲು ನನ್ನ ಚಪ್ಪಲಿ ನೋಡಿತು, ಆಮೇಲೆ ನನ್ನ ಮಗಳ ಚಪ್ಪಲಿ, ಆಮೇಲೆ ನಮ್ಮ ಹಿಂದೆ ನಿಂತಿದ್ದ ಬ್ರೋಕರನ ಚಪ್ಪಲಿ. ಮುಖಗಳ ಸರದಿ ಬಂದದ್ದು ಕೊನೆಗೆ.

"ಇವರ ಗಂಡ ಎಲ್ಲಿ?" ಎಂದು ಕೇಳಿದ್ದು ಕೂಡ ನನ್ನನ್ನಲ್ಲ, ಬ್ರೋಕರನನ್ನು.

"ದುಬೈಯಲ್ಲಿ ಅಮ್ಮ," ಎಂದ ಬ್ರೋಕರ್, ಒಂದು ಕ್ಷಣವೂ ತಡೆಯದೆ.

ಕಣ್ಣು ನನ್ನ ಕಡೆ ತಿರುಗಿತು. ನಾನು ಹೌದೆಂದು ತಲೆಯಾಡಿಸಿದೆ. ನನ್ನ ಗಂಡ ದುಬೈಯಲ್ಲಿ ಇರಲಿಲ್ಲ. ಅವನು ವಿಮಾನವನ್ನು ಹತ್ತಿರದಿಂದ ನೋಡಿದವನೂ ಅಲ್ಲ.

ನಾನು ಘಟ್ಟದ ಮೇಲಿನವಳು, ಅರಸೀಕೆರೆ ಕಡೆಯವಳು. ಗಂಡನ ಏಟು ತಿಂದು ತಿಂದು ಮರಗಟ್ಟಿ ಹೋಗಿದ್ದೆ. ಆರು ವರ್ಷದ ಮಗಳ ಮೇಲೂ ಅವನ ಕೈ ಎದ್ದ ದಿನ ಮಾತ್ರ ತಡೆಯಲಾಗಲಿಲ್ಲ, ಎರಡು ಬ್ಯಾಗು ಹಿಡಿದು ಹೊರಟುಬಿಟ್ಟೆ. ಪರಿಚಯದ ನರ್ಸೊಬ್ಬರಿಂದಾಗಿ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ಫೈಲು ಜೋಡಿಸಿಡುವ ಕೆಲಸ ಸಿಕ್ಕಿತು. ಕೆಲಸ ಸಿಕ್ಕಷ್ಟು ಸಲೀಸಾಗಿ ಮನೆ ಸಿಗಲಿಲ್ಲ. ಎಲ್ಲ ಗೇಟುಗಳಲ್ಲೂ 'ಫ್ಯಾಮಿಲಿಗೆ ಮಾತ್ರ' ಎಂಬ ಬೋರ್ಡು. ನಾನೂ ಮಗಳೂ ಸೇರಿದರೆ ಫ್ಯಾಮಿಲಿ ಆಗುವುದಿಲ್ಲ ಎನ್ನುವುದು ಪಡೀಲಿನಲ್ಲಿ ಒಬ್ಬರು ಮುಖದ ಮೇಲೆ ಬಾಗಿಲು ಹಾಕಿದಾಗ ತಿಳಿಯಿತು. ಐದನೆಯ ಮನೆಯೂ ತಪ್ಪಿಹೋದಾಗ ಬ್ರೋಕರ್ ಸ್ಕೂಟರನ್ನು ರಸ್ತೆಬದಿಗೆ ನಿಲ್ಲಿಸಿದ.

"ನೋಡಿ ಮೇಡಂ, ಗಂಡನನ್ನು ಬಿಟ್ಟು ಬಂದದ್ದು ಅಂತ ಹೇಳಿದ್ರೆ ಇಲ್ಲಿ ಮನೆ ಆಗುದಿಲ್ಲ. ದುಬೈಯಲ್ಲಿ ಇದ್ದಾರೆ ಅಂತ ಹೇಳುವ. ಇಲ್ಲಿ ಅರ್ಧ ಊರಿನ ಗಂಡಂದಿರು ಅಲ್ಲೇ ಇರುದು. ಯಾರಿಗೂ ಡೌಟ್ ಬರುದಿಲ್ಲ ಮಾರಾಯ್ರೆ."

ಡೌಟ್ ಬರದವರ ಮನೆಗೆ ಕರೆದುಕೊಂಡು ಹೋಗಿದ್ದರೆ ಅವನ ಮಾತು ನಿಜವಾಗುತ್ತಿತ್ತೇನೋ. ಅವನು ಕರೆದೊಯ್ದದ್ದು ಜೆಪ್ಪುವಿನ ಈ ಮೂರು ಅಂತಸ್ತಿನ ಕಟ್ಟಡಕ್ಕೆ. ನೆಲದಂತಸ್ತಿನಲ್ಲಿ ಅವರೊಬ್ಬರೇ ಇದ್ದರು. ಒಂದನೇ ಮಹಡಿಯಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವವರೊಬ್ಬರು ಮತ್ತು ಅವರ ಹೆಂಡತಿ. ಎರಡನೇ ಮಹಡಿ ಖಾಲಿಯಿತ್ತು. ಕಟ್ಟಡದವರೆಲ್ಲ ಅವರನ್ನು ಓನರಮ್ಮ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ.

ಚೈನು ತೆಗೆಯದೆಯೇ ವಿಚಾರಣೆ ಶುರುವಾಯಿತು. ಯಾವ ಊರು, ಯಾವ ಜನ, ಮೀನು ತಿನ್ನುತ್ತೀರಾ, ಗಂಡನಿಗೆ ಯಾವ ಕಂಪೆನಿ, ರಜೆ ಎಷ್ಟು ವರ್ಷಕ್ಕೊಮ್ಮೆ. ಜಾತಿ ಕೇಳಲು ಅವರಿಗೆ ಸಂಕೋಚವೇನೂ ಇರಲಿಲ್ಲ. ನನಗೆ ಸಿಟ್ಟು ಬಂತು, ಆದರೆ ಸಿಟ್ಟು ಮಾಡಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕೊನೆಗೆ ಕೇಳಿದರು, "ದುಬೈಯಲ್ಲಿ ಈಗ ಎಷ್ಟು ಗಂಟೆ?"

ಬ್ರೋಕರನ ಕೈಗಡಿಯಾರ ಹತ್ತು ತೋರಿಸುತ್ತಿತ್ತು. ಒಂದೂವರೆ ಗಂಟೆಯ ವ್ಯತ್ಯಾಸ ಎಂದು ಬ್ರೋಕರ್ ದಾರಿಯಲ್ಲಿ ಹೇಳಿಕೊಟ್ಟಿದ್ದ. ನಾನು ಜಾಣೆಯಂತೆ ಲೆಕ್ಕ ಹಾಕಿ "ಹನ್ನೊಂದೂವರೆ" ಎಂದೆ. ಅಲ್ಲಿನ ಹೊತ್ತು ನಮಗಿಂತ ಹಿಂದೆ, ಎಂಟೂವರೆ ಎನ್ನಬೇಕಿತ್ತು ಎಂದು ನನಗೆ ಗೊತ್ತಾದದ್ದು ಎಷ್ಟೋ ವಾರಗಳ ಮೇಲೆ. ಕಣ್ಣು ನನ್ನನ್ನೇ ನೋಡಿತು. ಮಗಳನ್ನು ನೋಡಿತು. ಅವಳು ನನ್ನ ಸೆರಗಿನ ಹಿಂದೆ ನಿಂತು ಮೊಣಕೈಯ ಮೇಲಿದ್ದ ಹಳದಿಯಾಗುತ್ತಿದ್ದ ಗಾಯದ ಗುರುತನ್ನು ಕೆರೆದುಕೊಳ್ಳುತ್ತಿದ್ದಳು.

"ಆವು," ಎಂದರು. ತುಳುವಿನಲ್ಲಿ ಆಯಿತು ಎಂದರ್ಥ. ಚೈನು ತೆಗೆಯುವ ಸದ್ದು ಕೇಳಿತು.

ಓನರಮ್ಮ ಯಾರನ್ನೂ ನಂಬುತ್ತಿರಲಿಲ್ಲ. ಇದನ್ನು ನಾನು ದೂರಿಗೆ ಹೇಳುತ್ತಿಲ್ಲ, ಕೆಲವರಿಗೆ ಸಂಗೀತ ಒಲಿದಂತೆ ಅವರಿಗೆ ಅನುಮಾನ ಒಲಿದಿತ್ತು. ಮೀನಿನವಳು ಬಂಗುಡೆಯ ಕಿವಿರು ಎತ್ತಿ ಕೆಂಪಗಿದೆ ಎಂದು ತೋರಿಸಿದರೆ, ಇವರು ಬುಟ್ಟಿಯ ಅಡಿಯಿಂದ ಇನ್ನೊಂದು ಮೀನು ಎಳೆದು ಅದರ ಕಿವಿರು ಎತ್ತುತ್ತಿದ್ದರು. ಕರೆಂಟಿನವರು ಮೀಟರ್ ನೋಡಿ ಹೋದ ಮೇಲೆ ಸ್ಟೂಲು ಹಾಕಿಕೊಂಡು ತಾವೇ ಹತ್ತಿ ನೋಡುತ್ತಿದ್ದರು. ಟೀವಿಯಲ್ಲಿ ಮಳೆ ಎಂದರೆ ಕಿಟಕಿಯಿಂದ ಕೈ ಹೊರಗೆ ಚಾಚಿ ಪರೀಕ್ಷಿಸುತ್ತಿದ್ದರು. ದಿನಾ ಬೆಳಿಗ್ಗೆ ಕಸಬರಿಕೆ ಹಿಡಿದು ಮೆಟ್ಟಿಲು ಹತ್ತಿ ಬರುವುದು ಗುಡಿಸುವ ನೆಪಕ್ಕೆ. ಯಾವ ಬಾಗಿಲ ಮುಂದೆ ಎಷ್ಟು ಜೊತೆ ಚಪ್ಪಲಿ ಇವೆ, ಹೊಸ ಚಪ್ಪಲಿ ಯಾರದು ಎಂದು ನೋಡುವುದೇ ಅವರ ನಿಜವಾದ ಕೆಲಸವಾಗಿತ್ತು. ಯಾರು ಏನು ಹೇಳಿದರೂ ಅವರ ಉತ್ತರ ಒಂದೇ: "ಹೇಳುದು ಎಂತ, ಯಾರೂ ಹೇಳ್ತಾರೆ. ತೋರಿಸ್ಲಿ."

ಇಂಥವರ ತಲೆಯ ಮೇಲಿನ ಮನೆಯಲ್ಲಿ ಸುಳ್ಳು ಹೇಳಿಕೊಂಡು ಬದುಕುವುದೆಂದರೆ ಏನೆಂದು ನೀವೇ ಊಹಿಸಿ. ಸುಳ್ಳು ಬಯಲಾದರೆ ಮನೆ ಹೋಗುತ್ತದೆ. ಅಷ್ಟೇ ಆಗಿದ್ದರೆ ಇನ್ನೊಂದು ಹುಡುಕಬಹುದಿತ್ತು. ಗಂಡನನ್ನು ಬಿಟ್ಟು ಬಂದ ಘಟ್ಟದ ಹೆಂಗಸು ಜೆಪ್ಪುವಿನಲ್ಲಿದ್ದಾಳೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹೋಗಿ ಅವನ ಕಿವಿಗೆ ಬಿದ್ದರೆ ಮಗಳು ಕೈತಪ್ಪಿ ಹೋಗುತ್ತಾಳೆ. ನನಗಿದ್ದದ್ದು ಆ ಭಯ. ಹಾಗಾಗಿ ನಾನೂ ಯಾರನ್ನೂ ನಂಬುತ್ತಿರಲಿಲ್ಲ, ಓನರಮ್ಮನನ್ನಂತೂ ಒಂದಿಷ್ಟೂ ಇಲ್ಲ.

ಅವರ ಬಳಿ ನಮ್ಮ ಮನೆಯ ಇನ್ನೊಂದು ಕೀಲಿಕೈ ಇತ್ತು. ನಾನಿಲ್ಲದಾಗ ಒಳಗೆ ಬರುತ್ತಾರೆ ಎಂದು ನನಗೆ ಗುಮಾನಿ. ಒಂದು ದಿನ ಕೆಲಸಕ್ಕೆ ಹೊರಡುವಾಗ ಕಾಗದದ ಚೂರೊಂದನ್ನು ಮಡಚಿ ಬಾಗಿಲ ಸಂದಿಗೆ ಸಿಕ್ಕಿಸಿ ಹೋದೆ. ಸಂಜೆ ಬಂದು ನೋಡಿದರೆ ಕಾಗದ ನೆಲದ ಮೇಲೆ ಬಿದ್ದಿತ್ತು. ಕೋಪದಲ್ಲಿ ಕೆಳಗಿಳಿದು ಹೋಗಿ, ನಮ್ಮ ಮನೆಯೊಳಗೆ ಹೋಗಿದ್ದಿರಾ ಎಂದು ಕೇಳಿಯೇಬಿಟ್ಟೆ.

"ಹೋಗಿದ್ದೆ. ಗ್ಯಾಸಿನ ವಾಸನೆ ಬಂದ ಹಾಗಾಯ್ತು. ನೋಡಿದೆ, ಎಂತ ಇಲ್ಲ." ಅವರ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. "ಬಾಗಿಲಿಗೆ ಕಾಗದ ಇಟ್ಟದ್ದು ನೀವಾ?"

"ಹೌದು."

"ಬುದ್ಧಿ ಉಂಟು ನಿಮಗೆ," ಎಂದರು. ಅವರು ಬೇರೆ ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಮರುದಿನ ಒಂದು ತಟ್ಟೆ ನೀರುದೋಸೆ ಮೇಲೆ ಬಂತು. ಇದರಲ್ಲೇನು ಉಪಾಯವಿದೆಯೋ ಎಂದು ನಾನು ಮೊದಲು ಮೂಸಿ ನೋಡಿ ಆಮೇಲೆ ಮಗಳಿಗೆ ಕೊಟ್ಟೆ.

ದುಬೈಯ ಗಂಡನನ್ನು ಸಾಕುವುದು ನಿಜವಾದ ಗಂಡನನ್ನು ಸಾಕುವುದಕ್ಕಿಂತ ಕಷ್ಟ. ಈ ಊರಿನಲ್ಲಿ ಗಲ್ಫಿನಲ್ಲಿ ಗಂಡನಿದ್ದರೆ ಅದಕ್ಕೆ ಸಾಕ್ಷಿ ಬೇಕು. ವರ್ಷಕ್ಕೊಮ್ಮೆಯಾದರೂ ಅಲ್ಲಿಂದ ಬರುವ ಯಾರದೋ ಕೈಯಲ್ಲಿ ಸಾಮಾನು ಬರಬೇಕು, ಖರ್ಜೂರ, ಬಾದಾಮಿ, ಸೆಂಟು, ಸೋಪು. ಬಂದದ್ದನ್ನು ಅಕ್ಕಪಕ್ಕದವರಿಗೆ ಹಂಚಬೇಕು. ಒಂದನೇ ಮಹಡಿಯ ಬ್ಯಾಂಕಿನವರ ಹೆಂಡತಿ ಮೆಟ್ಟಿಲಲ್ಲಿ ಸಿಕ್ಕಿದಾಗೆಲ್ಲ "ಈ ಸಲ ಎಂತ ಕಳಿಸಿದ್ರು?" ಎಂದು ನಗುತ್ತಿದ್ದರು. ಆ ನಗು ನನಗೆ ಹಿಡಿಸುತ್ತಿರಲಿಲ್ಲ. ಒಂದು ಶನಿವಾರ ಬಂದರಿನ ಕಡೆ ಹೋಗಿ, ಫಾರಿನ್ ಸಾಮಾನಿನ ಅಂಗಡಿಯಲ್ಲಿ ಖರ್ಜೂರದ ಎರಡು ಡಬ್ಬ, ಒಂದಿಷ್ಟು ಸೋಪು ಕೊಂಡು, ಬೆಲೆಯ ಚೀಟಿಗಳನ್ನೆಲ್ಲ ಉಗುರಿನಿಂದ ಕೆರೆದು ತೆಗೆದು, ಒಂದು ಡಬ್ಬ ಮೊದಲನೇ ಮಹಡಿಗೆ, ಒಂದು ಡಬ್ಬ ಓನರಮ್ಮನಿಗೆ ಕೊಟ್ಟೆ. ಮಗಳಿಗೂ ಹೇಳಿಕೊಟ್ಟಿದ್ದೆ, ಯಾರಾದರೂ ಕೇಳಿದರೆ ಅಪ್ಪ ಕಳಿಸಿದ್ದು ಎನ್ನಬೇಕು ಎಂದು. ಹೊಡೆದ ಅಪ್ಪನ ಹೆಸರಿನಲ್ಲಿ ಖರ್ಜೂರ ಹಂಚಲು ಮಗುವಿಗೆ ಕಲಿಸಿದ್ದು ನೆನಪಾದರೆ ಇವತ್ತಿಗೂ ನನಗೆ ನನ್ನ ಮೇಲೇ ಹೇಸಿಗೆ ಬರುತ್ತದೆ.

ಓನರಮ್ಮ ಡಬ್ಬವನ್ನು ತಿರುಗಿಸಿ, ಮೇಲೆ ನೋಡಿ, ಕೆಳಗೆ ನೋಡಿ, "ಒಳ್ಳೇದುಂಟು," ಎಂದು ಒಳಗಿಟ್ಟರು. ಮಗಳು ಪಕ್ಕದಲ್ಲೇ ನಿಂತಿದ್ದಳು. ಅವಳನ್ನು ಏನಾದರೂ ಕೇಳುತ್ತಾರೆಂದು ನಾನು ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಕೇಳಲಿಲ್ಲ. ಊರಿಗೆಲ್ಲ ಪ್ರಶ್ನೆ ಹಾಕುವ ಆ ಹೆಂಗಸು ನನ್ನ ಮಗಳ ಹತ್ತಿರ ಅವಳ ಅಪ್ಪನ ಮಾತನ್ನು ಒಂದು ದಿನವೂ ಎತ್ತಿರಲಿಲ್ಲ ಎನ್ನುವುದು ನನಗೆ ಹೊಳೆದದ್ದು ತುಂಬ ತಡವಾಗಿ.

ಅವರ ಗಂಡ ಬಹರೈನಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ದುಡಿದು ತೀರಿಕೊಂಡವರು. ಒಬ್ಬನೇ ಮಗ ಶಾರ್ಜಾದಲ್ಲಿದ್ದ. ಈ ಕಟ್ಟಡ ಎದ್ದದ್ದು ಅಲ್ಲಿನ ದುಡಿಮೆಯಿಂದ. ಒಮ್ಮೆ ಮಾತಿಗೆ ಬಂದು ಹೇಳಿದರು, ಮಗ ಇನ್ನೂ ಮಡಿಲಲ್ಲಿದ್ದಾಗ ಒಬ್ಬ ಬಂದು, ನಾನು ನಿಮ್ಮ ಗಂಡನ ರೂಮಿನವನು ಎಂದನಂತೆ. ಇವರು ಕೂರಿಸಿ, ಕೋಳಿ ಸಾರು ಮಾಡಿ ಬಡಿಸಿದರು. ಅವನು ತಿಂದು, ಗಂಡ ತಂದಿಟ್ಟಿದ್ದ ಟೇಪ್ ರೆಕಾರ್ಡರ್ ಸರಿಯಿಲ್ಲ, ರಿಪೇರಿ ಮಾಡಿಸಿ ತರುತ್ತೇನೆ ಎಂದು ಎತ್ತಿಕೊಂಡು ಹೋದವನು ಹೋದವನೇ.

"ಟೇಪ್ ಹೋದ್ರೆ ಹೋಗ್ಲಿ. ಅದರಲ್ಲಿ ಅವರ ಸ್ವರ ಇತ್ತು, ಕ್ಯಾಸೆಟಿನಲ್ಲಿ. ಆಗ ಫೋನ್ ಎಲ್ಲಿ ಉಂಟು? ಕಾಗದ ಬರೀಲಿಕ್ಕೆ ಉದಾಸೀನ ಅಂತ ಮಾತಾಡಿ ಕಳಿಸ್ತಿದ್ರು. ಆ ದಿವಸವೇ ನಾನು ಬಾಗಿಲಿಗೆ ಚೈನು ಹಾಕಿಸಿದ್ದು."

ನನಗೆ ಅವರ ಮೇಲೆ ಅಯ್ಯೋ ಎನ್ನಿಸಿತು. ಹಾಗೆಂದು ನಂಬಿಕೆ ಬರಲಿಲ್ಲ. ಗಲ್ಫಿನ ಹೆಂಡತಿಯಾಗಿ ಇಷ್ಟು ವರ್ಷ ಬಾಳಿದವರ ಮುಂದೆ ನನ್ನ ನಾಟಕ ಎಷ್ಟು ದಿನ ನಡೆದೀತು ಎಂಬ ಅಂಜಿಕೆ ಇನ್ನಷ್ಟು ಹೆಚ್ಚಾಯಿತು.

ಎರಡು ವರ್ಷ ದಾಟಿದರೂ ದುಬೈಯ ಗಂಡ ರಜೆಗೆ ಬರಲಿಲ್ಲ. ಮೆಟ್ಟಿಲಿನ ನಗು ಪಿಸುಮಾತಾಯಿತು. ಅದೇ ಸಮಯಕ್ಕೆ ಓನರಮ್ಮ ನನ್ನ ಆಧಾರ್ ಕಾರ್ಡಿನ ಪ್ರತಿ ಇನ್ನೊಮ್ಮೆ ಕೇಳಿ ತೆಗೆದುಕೊಂಡರು. ಅದರಲ್ಲಿ ಅರಸೀಕೆರೆಯ ವಿಳಾಸವಿತ್ತು, ಗಂಡನ ಹೆಸರೂ ಇತ್ತು. ಎರಡು ದಿನ ಬಿಟ್ಟು ನಾನು ಕೆಲಸದಿಂದ ಬರುವಾಗ ಅವರು ಫೋನಿನಲ್ಲಿ ತುಳುವಿನಲ್ಲಿ ಏನೋ ಹೇಳುತ್ತಿದ್ದವರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ನನಗೆ ಆಗ ತುಳು ಅರ್ಧಂಬರ್ಧ. 'ಕಂಡನಿ' ಎಂದರೆ ಗಂಡ ಎನ್ನುವುದು ಮಾತ್ರ ಗೊತ್ತಿತ್ತು, ಆ ಮಾತು ಎರಡು ಸಲ ಕೇಳಿಸಿತ್ತು. ಮುಗಿಯಿತು, ಇವರು ಎಲ್ಲ ಪತ್ತೆ ಮಾಡಿ ಅವನಿಗೇ ಫೋನು ಮಾಡಿದ್ದಾರೆ ಎಂದುಕೊಂಡೆ. ಮನೆಗೆ ಬಂದವಳೇ ಅದೇ ಎರಡು ಬ್ಯಾಗುಗಳನ್ನು ಮಂಚದಡಿಯಿಂದ ಎಳೆದು ಬಟ್ಟೆ ತುಂಬತೊಡಗಿದೆ. ಮಗಳು ಏನೂ ಕೇಳದೆ ತನ್ನ ಪುಸ್ತಕಗಳನ್ನು ತಂದು ಬ್ಯಾಗಿನ ಪಕ್ಕ ಇಟ್ಟಳು. ಅದನ್ನು ನೋಡಿ ಮುಂದಕ್ಕೆ ಕೈ ಓಡಲಿಲ್ಲ, ಬ್ಯಾಗುಗಳು ಹಾಗೆಯೇ ಕೋಣೆಯಲ್ಲಿ ಉಳಿದವು.

ಆ ಭಾನುವಾರ ಮಧ್ಯಾಹ್ನ ಬಾಲ್ಕನಿಯಲ್ಲಿ ಬಟ್ಟೆ ಹಾಕುತ್ತಿದ್ದೆ. ಗೇಟಿನ ಬಳಿ ಅವನು ನಿಂತಿದ್ದ. ಬಿಳಿ ಅಂಗಿ, ಕೈಯಲ್ಲಿ ಮೊಬೈಲು, ಮನೆಯ ನಂಬರು ಓದುತ್ತಿದ್ದ. ನಾನು ಒಳಗೆ ಸರಿದು, ಬಾಗಿಲಿಗೆ ಅಗುಳಿ ಹಾಕಿ, ಮಗಳನ್ನು ಎಳೆದುಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ನೆಲದಲ್ಲಿ ಕುಳಿತೆ. ಕೆಳಗಿನ ಬೆಲ್ಲು ಹೊಡೆಯಿತು. ಆ ಕಟ್ಟಡದ ಮೆಟ್ಟಿಲು ಹೇಗಿತ್ತೆಂದರೆ ಕೆಳಗೆ ಕೆಮ್ಮಿದರೂ ಮೇಲೆ ಕೇಳುತ್ತಿತ್ತು.

"ಯಾರು ಬೇಕು?" ಓನರಮ್ಮನ ಧ್ವನಿ.

"ಎರಡನೇ ಮಹಡೀಲಿ ನನ್ ಹೆಂಡ್ತಿ ಇದಾಳಂತೆ. ಮಗಳೂ ಇದಾಳೆ. ಕರೀರಿ ಸ್ವಲ್ಪ."

"ಎರಡನೇ ಮಹಡಿಯವರ ಗಂಡ ದುಬೈಯಲ್ಲಿ ಇರುದು."

"ಯಾರ್ರೀ ಹೇಳಿದ್ದು? ನಾನೇ ಕಣ್ರೀ ಅವಳ ಗಂಡ."

"ಹೌದಾ? ಹಾಗಾದ್ರೆ ನೀವು ದುಬೈಯಿಂದ ಬಂದದ್ದಾ?"

"ನಾನ್ಯಾಕ್ರೀ ದುಬೈಗೆ ಹೋಗ್ಲಿ?"

"ಪಾಸ್‌ಪೋರ್ಟ್ ತೋರಿಸಿ."

"ಪಾಸ್‌ಪೋರ್ಟ್ ಇಲ್ಲ! ಏನ್ರೀ ನೀವು, ಇಲ್ನೋಡಿ, ಮದುವೆ ಫೋಟೋ."

"ಫೋಟೋದಲ್ಲಿ ಯಾರು ಬೇಕಾದ್ರೂ ನಿಲ್ಲಬಹುದು. ಪಾಸ್‌ಪೋರ್ಟ್ ಇಲ್ಲದವರು ಅವರ ಗಂಡ ಹೇಗೆ ಆಗುದು? ಗಂಡ ಊರಲ್ಲಿ ಇಲ್ಲ ಅಂತ ಗೊತ್ತಿದ್ದು, ಹೆಂಗಸು ಮಗು ಮಾತ್ರ ಇರುವ ಮನೆಗೆ ಬಂದದ್ದು ನೀವು. ನಾನೀಗ ಪೊಲೀಸಿಗೆ ಫೋನ್ ಮಾಡುದು."

ಅವನು ಬೊಬ್ಬೆ ಹೊಡೆದ. ಬಾಗಿಲಿಗೆ ಗುದ್ದಿದ ಸದ್ದೂ ಕೇಳಿತು. ಚೈನು ಗಲಗಲ ಎಂದಿತು, ತುಂಡಾಗಲಿಲ್ಲ. ಅಷ್ಟರಲ್ಲಿ ಒಂದನೇ ಮಹಡಿಯ ಬಾಗಿಲು ತೆರೆಯಿತು. ಮೆಟ್ಟಿಲಿನಲ್ಲಿ ನಗುತ್ತಿದ್ದ ಅದೇ ಹೆಂಗಸು ಗಟ್ಟಿಯಾಗಿ ಕೂಗಿದರು, "ಎಂತ ಗಲಾಟೆ ಅದು? ಅವರ ಗಂಡ ದುಬೈಯಲ್ಲೇ ಇರುದು, ನಮಗೆ ಗೊತ್ತಿಲ್ವಾ?" ಸ್ವಲ್ಪ ಹೊತ್ತಿಗೆ ಗೇಟು ದಡಾರೆಂದು ಬಡಿದುಕೊಂಡಿತು. ಆಮೇಲೆ ಅವನ ಸದ್ದಿಲ್ಲ.

ಓನರಮ್ಮ ನಿಧಾನಕ್ಕೆ ಮೇಲೆ ಬಂದು ಬಾಗಿಲು ತಟ್ಟಿದರು. ತೆರೆದೆ. ಅವರು ಕೋಣೆಯಲ್ಲಿದ್ದ ತುಂಬಿದ ಬ್ಯಾಗುಗಳನ್ನು ನೋಡಿದರು.

"ಇದನ್ನು ಬಿಚ್ಚಿ ಇಡು. ಎಲ್ಲಿಗೂ ಹೋಗ್ಲಿಕ್ಕಿಲ್ಲ." ಅಲ್ಲಿಯವರೆಗೆ ನೀವು ಎನ್ನುತ್ತಿದ್ದವರು ಅಂದು ಮೊದಲ ಸಲ ನೀನು ಎಂದರು. "ನಾಳೆ ಆಸ್ಪತ್ರೆಗೆ ರಜೆ ಹೇಳು. ನನ್ನ ಗುರ್ತದ ವಕೀಲರು ಒಬ್ಬರುಂಟು, ಹೆಂಗಸು, ಜೋರಿದ್ದಾರೆ. ಅವರ ಹತ್ರ ಹೋಗುವ. ನಿನ್ನ ಆಧಾರ್ ಕಾಪಿ ಅವರಿಗೇ ಕೊಟ್ಟದ್ದು."

"ನಿಮಗೆ ಯಾವಾಗಿನಿಂದ ಗೊತ್ತು?" ಎಂದೆ.

"ಎಂತ ಗೊತ್ತು? ನನಗೆ ಎಂತದೂ ಗೊತ್ತಿಲ್ಲ." ಬ್ಯಾಗೊಂದನ್ನು ಕಾಲಿನಿಂದ ಬದಿಗೆ ಸರಿಸಿ ಹೇಳಿದರು, "ಇನ್ನೊಮ್ಮೆ ಖರ್ಜೂರ ತರುವಾಗ ಡಬ್ಬದ ಅಡಿ ನೋಡು ಮಾರಾಯ್ತಿ. ಇಲ್ಲೇ ಮಂಗಳೂರಿನ ಬೈಕಂಪಾಡಿಯಲ್ಲಿ ಪ್ಯಾಕ್ ಮಾಡಿದ್ದು ಅಂತ ಬರೆದಿತ್ತು."

ನಾನು ಅಳುತ್ತಲೇ ನಕ್ಕೆ. ಎಲ್ಲವನ್ನೂ ಹೇಳಿಬಿಡುತ್ತೇನೆ, ಕೂತುಕೊಳ್ಳಿ ಎಂದೆ. ಅವರು ಕೈ ಅಡ್ಡ ಹಿಡಿದರು.

"ನನಗೆ ಹೇಳಬೇಡ. ಹೇಳಿದ್ರೆ ನನಗೆ ಗೊತ್ತಾಗ್ತದೆ. ಗೊತ್ತಾದ ಮೇಲೆ ಬಾಗಿಲಲ್ಲಿ ನಿಂತು ಸುಳ್ಳು ಹೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ. ವಕೀಲರಿಗೆ ಹೇಳು, ಸಾಕು."

ಮರುದಿನ ವಕೀಲರ ಕೋಣೆಗೆ ನನ್ನನ್ನು ಮುಟ್ಟಿಸಿ, ನಾನು ಬಾಯಿ ತೆರೆಯುವ ಮೊದಲೇ ಹೊರಗೆ ಹೋಗಿ ಮಗಳ ಜೊತೆ ಬೆಂಚಿನಲ್ಲಿ ಕುಳಿತರು. ಕೇಸು ನಾಲ್ಕು ವರ್ಷ ನಡೆಯಿತು. ಆಸ್ಪತ್ರೆಗೆ ಬಂದಿದ್ದ ಅರಸೀಕೆರೆಯವರೊಬ್ಬರು ನನ್ನನ್ನು ಗುರುತಿಸಿ, ವಿಳಾಸ ವಿಚಾರಿಸಿ ಅವನಿಗೆ ಮುಟ್ಟಿಸಿದ್ದರೆಂದು ಆಗ ತಿಳಿಯಿತು. ಮಗಳು ನನ್ನ ಬಳಿಯೇ ಉಳಿದಳು. ಅಷ್ಟೂ ವರ್ಷ ಕೋರ್ಟಿನ ದಿನಗಳಂದು ಅವರು ಆ ಬೆಂಚಿನಲ್ಲೋ ಇನ್ನೊಂದು ಬೆಂಚಿನಲ್ಲೋ ಕಾದಿದ್ದಾರೆ, ಒಳಗೆ ಏನಾಯಿತು ಎಂದು ಒಂದು ಮಾತು ಕೇಳಿಲ್ಲ. ವಾಪಸು ಬರುವಾಗ ಆಟೋದವನ ಮೀಟರಿನ ಮೇಲೆ ಮಾತ್ರ ಕಣ್ಣಿಡುತ್ತಿದ್ದರು. ತೀರ್ಪು ಬಂದ ದಿನ ನಾನು ತಡೆಯಲಾರದೆ "ಅಮ್ಮಾ, ಇನ್ನಾದರೂ ಕೇಳಿ" ಎಂದೆ. "ಮಗು ಮನೆಗೆ ಬರ್ತದಲ್ಲ? ಮತ್ತೆಂತ ಕೇಳ್ಲಿಕ್ಕುಂಟು," ಎಂದು ಮಗಳ ಕೈ ಹಿಡಿದು ರಸ್ತೆ ದಾಟಿದರು.

ಕಳೆದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಡಾಕ್ಟರು ಬಂದು ಹೇಳಿದ ಮೇಲೂ ನಾನು ಅವರ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ. ಅವರಾಗಿದ್ದರೂ ಹಾಗೆಯೇ ಮಾಡುತ್ತಿದ್ದರು. ಶಾರ್ಜಾದಿಂದ ಮಗ ಬಂದರು. ಕ್ರಿಯೆಗಳೆಲ್ಲ ಮುಗಿದ ಮೇಲೆ ಬಾಡಿಗೆಯ ಹೊಸ ಕರಾರುಪತ್ರ ಹಿಡಿದುಕೊಂಡು ಮೇಲೆ ಬಂದರು. ಇನ್ನು ಮುಂದೆ ತಮ್ಮ ಹೆಸರಿನಲ್ಲಿ ಆಗಬೇಕು ಎಂದು, ಸಂಕೋಚದಿಂದ ಬಾಗಿಲಲ್ಲೇ ನಿಂತಿದ್ದರು.

ನಾನು ಅವರನ್ನು ಕೂರಿಸಿ ಹೇಳಿದೆ, "ಸಹಿ ಹಾಕುವ ಮೊದಲು ನಿಮಗೊಂದು ವಿಷಯ ಹೇಳಬೇಕು. ನನ್ನ ಗಂಡ ದುಬೈಯಲ್ಲಿಲ್ಲ. ಯಾವತ್ತೂ ಇರಲಿಲ್ಲ."

ಅವರು ಕಾಗದವನ್ನು ಮೇಜಿನ ಮೇಲಿಟ್ಟರು. ಮುಖ ಸಣ್ಣದಾಯಿತು.

"ಇಲ್ವಾ? ಅಮ್ಮ ನನಗೆ ಫೋನ್ ಮಾಡಿ ಹೇಳಿದ್ರಲ್ಲ. ರಜೆಯಲ್ಲಿ ಬಂದಾಗ ಒಂದನೇ ಮಹಡಿಯವರು ಕೇಳಿದ್ರೆ, ಎರಡನೇ ಮಹಡಿಯವರ ಗಂಡನನ್ನು ನಾನು ಅಲ್ಲಿ ನೋಡಿದ್ದೇನೆ ಅಂತ ಹೇಳು, ಅಂತ. ಯಾಕೆ ಅಂತ ಕೇಳಿದ್ದಕ್ಕೆ ಬೈದ್ರು." ಸ್ವಲ್ಪ ನಾಚಿಕೊಂಡು ಸೇರಿಸಿದರು, "ನಾನು ಎಲ್ಲರ ಹತ್ರ ಹೇಳಿದ್ದೇನೆ. ಒಂದು ಶುಕ್ರವಾರ ಅವರ ರೂಮಲ್ಲಿ ಊಟ ಮಾಡಿದ್ದೇನೆ ಅಂತ ಕೂಡ ಹೇಳಿದ್ದೇನೆ."

ಮಗಳು ಅಡುಗೆಮನೆಯಿಂದ ಹೊರಗೆ ಬಂದು ನಮ್ಮಿಬ್ಬರನ್ನೂ ನೋಡುತ್ತ ನಿಂತಳು. ಕಣ್ಣಿನಿಂದ ಕಾಣದ್ದನ್ನು ಒಪ್ಪಿಕೊಳ್ಳದ ಆ ಹೆಂಗಸು, ಜೀವಮಾನವೆಲ್ಲ ಸುಳ್ಳನ್ನು ಹಿಡಿಯುವುದರಲ್ಲೇ ಕಳೆದವರು, ನನಗಾಗಿ ಕಡಲಾಚೆಯ ಮಗನಿಂದಲೂ ಸುಳ್ಳು ಹೇಳಿಸಿದ್ದರು. ಫೋನಿನಲ್ಲಿ ಅವರು ಗಂಡ, ಗಂಡ ಎಂದದ್ದು ಯಾರ ಹತ್ತಿರ ಎಂದು ಆಗ ತಿಳಿಯಿತು.

"ಇನ್ನು ಕೆಳಗಿನವರ ಹತ್ರ ಎಂತ ಹೇಳುದು ನಾನು?" ಎಂದು ಓನರಮ್ಮನ ಮಗ ಕೇಳಿದರು. ನಿಜವಾಗಿಯೂ ಚಿಂತೆಗೆ ಬಿದ್ದಿದ್ದರು.

"ನೀವೇನೂ ಹೇಳಬೇಡಿ. ನಾನೇ ಹೇಳುತ್ತೇನೆ," ಎಂದೆ.

ಅಂದೇ ಸಂಜೆ ಒಂದನೇ ಮಹಡಿಗೆ ಇಳಿದು ಹೋಗಿ, ಅವರ ಸೋಫಾದಲ್ಲಿ ಕುಳಿತು, ಅರಸೀಕೆರೆಯಿಂದ ಹೊರಟ ದಿನದಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಆಮೇಲೆ ಆಸ್ಪತ್ರೆಯಲ್ಲಿ ಜೊತೆಯವರಿಗೂ ಹೇಳಿದೆ. ಈಗ ಇಲ್ಲಿ ನಿಮಗೂ ಹೇಳುತ್ತಿದ್ದೇನೆ. ಮೊದಲು ಹೇಳಬೇಕಾಗಿದ್ದದ್ದು ಓನರಮ್ಮನಿಗೆ. ಅವರೊಬ್ಬರು ಮಾತ್ರ ಹೇಳಲು ಬಿಡಲಿಲ್ಲ.